ಓದಿ ಹೇಳುವವಳು

ಸೇಡಂಗೆ ಹೋಗುವ ಪ್ಯಾಸೆಂಜರ್ ಗಾಡಿಗೆ ಇನ್ನೂ ಒಂದು ತಾಸು ಇರುವಾಗ ಬಸವೇಶ್ವರಿ ಎರಡು ಕೌದಿಗಳನ್ನು ತಲೆಯ ಮೇಲಿಂದ ಎಳೆದುಕೊಂಡು, ಒಳಗಿನ ಕತ್ತಲಲ್ಲಿ ಫೋನನ್ನು ಬಾಯಿಗೆ ನಾಲ್ಕು ಬೆರಳಿನಷ್ಟು ದೂರ ಹಿಡಿದು, ‘ಸಂಗಮೇಶ್ವರ ವಸ್ತ್ರಾಲಯ’ ಎಂದು ಹನ್ನೊಂದನೆಯ ಸಲ ಹೇಳಿ ನೋಡಿದಳು. ಚಿತ್ತಾಪುರದ ಆ ಎರಡು ಕೋಣೆಯ ಮನೆಯಲ್ಲಿ ಬೀದಿಯ ಸದ್ದು ತಾಗದ ಜಾಗವೆಂದರೆ ಕೌದಿಯ ಒಳಗು ಮಾತ್ರ. ಅವ್ವನ ಹಳೆಯ ಸೀರೆಗಳನ್ನು ತೇಪೆ ಹಾಕಿ ಹೊಲಿದ ಆ ಕೌದಿಯಲ್ಲಿ ಅವಳು ಒಂದೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದಳು, ಬೆವರುತ್ತಿದ್ದಳು, ಅಲ್ಲಿಂದಲೇ ಅವಳ ದನಿ ಹೊರಬಿದ್ದು ಶಹಾಬಾದದ ಫರಸಿ ಕಲ್ಲಿನ ಅಂಗಡಿಗೆ, ವಾಡಿ ಸ್ಟೇಷನ್ ಎದುರಿನ ಖಾನಾವಳಿಗೆ, ಚಿಂಚೋಳಿಯ ಬೀಜದ ಅಂಗಡಿಗೆ ಮಂದಿಯನ್ನು ಕರೆಯುತ್ತಿತ್ತು. ಬಿ.ಎ. ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಎರಡು ವರ್ಷ ಮಗ್ಗಿ ಹೇಳಿಕೊಟ್ಟು ಬೇಸತ್ತವಳಿಗೆ, ಹೀಗೆ ಮುಖವಿಲ್ಲದೆ ಊರೂರು ತಿರುಗುವುದು ಮೊದಮೊದಲು ಕಳ್ಳತನದಂತೆ ಖುಷಿ ಕೊಟ್ಟಿತ್ತು. ಅಂಗಡಿಯವರು ಜಾಹೀರಾತಿನ ಮಾತು ಬರೆದು ಕಳಿಸುತ್ತಿದ್ದರು, ಇವಳು ಓದಿ ಕಳಿಸುತ್ತಿದ್ದಳು, ವಾಡಿಯಲ್ಲಿದ್ದ ಗೆಳತಿ ಸುಶ್ಮಿತಾ ಅದಕ್ಕೆ ಚಿತ್ರ ಜೋಡಿಸುತ್ತಿದ್ದಳು; ಮಧ್ಯಾಹ್ನದ ಹೊತ್ತಿಗೆ ಅದು ನೂರಾರು ಫೋನುಗಳಲ್ಲಿ ಮಾತಾಡುತ್ತಿತ್ತು. ಆದರೆ ಇವತ್ತಿನದು ಬೇರೆ. ಇವತ್ತು ಹನ್ನೊಂದು ಗಂಟೆಗೆ ಸೇಡಂನಲ್ಲಿ ಹೊಸ ಬಟ್ಟೆ ಅಂಗಡಿ ತೆರೆಯುತ್ತದೆ, ಅದನ್ನು ಫೋನಿನಲ್ಲಿ ಲೈವ್ ತೋರಿಸುತ್ತಾರೆ, ಅವಳು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೈಕು ಹಿಡಿದು ಮಾತಾಡಬೇಕು. ಮೊದಲ ಸಲ ದನಿಗೆ ಮುಖ ಬರುತ್ತದೆ.

“ಏ ಬಸು, ಕೌದ್ಯಾಗ ಒಬ್ಬಾಕೇ ಏನ್ ಮಾತಾಡ್ಲಿಕತ್ತೀದಿ? ಗಾಡಿ ಹೋಗ್ತದ ನೋಡು,” ಎಂದು ಅವ್ವ ಗುರುಲಿಂಗಮ್ಮ ಒಲೆಯ ಮುಂದಿನಿಂದ ಕೂಗಿದಳು. ಬಸವೇಶ್ವರಿ ಕೌದಿ ಸರಿಸಿ ಹೊರಬಂದಾಗ ಕೂದಲು ಹಣೆಗೆ ಅಂಟಿತ್ತು. ಅವ್ವ ಅವಳನ್ನೇ ನೋಡಿ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, “ಮಜೀದ ಚಾಚಾಗ ಹೇಳೀದಿಲ್ಲ? ನಿನಗ ಮಾತು ಕಲ್ಸಿದಂವ ಅಂವ. ಹೇಳಿ ಹೋಗು,” ಎಂದಳು. “ಹೇಳ್ತೀನವ್ವ, ಬಂದ ಮ್ಯಾಲೆ ಹೇಳ್ತೀನಿ,” ಎಂದು ಅವಳು ಕನ್ನಡಿಯ ಕಡೆ ತಿರುಗಿಕೊಂಡಳು. ಕನ್ನಡಿಯಲ್ಲಿ ಕಂಡ ಮುಖ ಸುಳ್ಳು ಹೇಳುವವರ ಮುಖದಂತೆ ಇರಲಿಲ್ಲ; ಹುರುಪಿನಿಂದ ಕೆಂಪಾಗಿತ್ತು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊರಗೆ ಸಿಮೆಂಟಿನ ಬೂದುಬಣ್ಣ ಹಿಡಿದ ಬೇವಿನ ಮರಗಳು, ಒಕ್ಕಿ ಮುಗಿದ ತೊಗರಿಯ ಕಟ್ಟಿಗೆಯ ಮೆದೆಗಳು, ಕಲ್ಲಿನ ಗಣಿಯ ಚೌಕ ಚೌಕ ಹೊಂಡಗಳು ಹಿಂದಕ್ಕೆ ಓಡಿದವು. ಎದುರು ಸೀಟಿನಲ್ಲಿ ಇಬ್ಬರು ಹೆಂಗಸರು ಒಂದು ಫೋನಿನ ಮೇಲೆ ತಲೆಗೆ ತಲೆ ಹಚ್ಚಿ ಕೂತಿದ್ದರು, ಮತ್ತು ಇದ್ದಕ್ಕಿದ್ದಂತೆ ಆ ಫೋನು ಬಸವೇಶ್ವರಿಯ ದನಿಯಲ್ಲಿ ಮಾತಾಡಿತು: “ಸೇಡಂನ ಸಂಭ್ರಮಕ್ಕೆ ಹೊಸ ಬಣ್ಣ! ಸಂಗಮೇಶ್ವರ ವಸ್ತ್ರಾಲಯ!” ಅವಳ ಮೈ ಜುಮ್ಮೆಂದಿತು. ಹೆಂಗಸರಲ್ಲಿ ಒಬ್ಬಳು ಅದನ್ನು ಮತ್ತೊಮ್ಮೆ ಹಚ್ಚಿ, “ಈಕಿ ಭಾಳ ಛಂದ ಮಾತಾಡ್ತಾಳ. ಬೆಂಗಳೂರಾಕಿ ಇರಬೇಕು,” ಎಂದಳು. ‘ನಾನೇ ರೀ, ನಾನು ಚಿತ್ತಾಪುರದಾಕಿ’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ನಂಬುತ್ತಾರೋ ಇಲ್ಲವೋ. ಹೇಳದೆ ಕೂತರೆ ಈ ಸುಖ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಅವಳು ಕಿಟಕಿಯ ಸರಳಿಗೆ ಹಣೆ ಹಚ್ಚಿ, ತನ್ನ ದನಿಯನ್ನು ಬೇರೆ ಯಾರದೋ ದನಿ ಎಂಬಂತೆ ಕೇಳಿಸಿಕೊಂಡಳು. ಅದರಲ್ಲಿ ಎಲ್ಲಿಯೂ ಉಸಿರಿನ ಸದ್ದೇ ಇರಲಿಲ್ಲ. ಸುಶ್ಮಿತಾಳ ಆ್ಯಪಿನಲ್ಲಿ ಒಂದು ಗುಂಡಿ ಒತ್ತಿದರೆ ಉಸಿರು, ತೊದಲು, ಉಗುಳು ನುಂಗಿದ್ದು ಎಲ್ಲ ಹೋಗುತ್ತದೆ. ಒಳಗೆ ಕೂತು ಬೆವರಿದವಳು ಹೋಗಿ ಬರಿಯ ಮಾತು ಉಳಿಯುತ್ತದೆ. ಒತ್ತಿದರೆ ಹೋಗುತ್ತದೆ. ಅವತ್ತೂ ಅವಳು ಹಾಗೆಯೇ ಒತ್ತಿದ್ದಳು. ಚಾಚಾನ ಫೋನಿನಲ್ಲಿ ಆ ಸಂದೇಶದ ಮೇಲೆ ಹೆಬ್ಬೆರಳು ಇಟ್ಟು, ಅದು ಬಣ್ಣ ಬದಲಿಸುವವರೆಗೆ ಕಾದು, ಅಳಿಸಿದ್ದಳು.

ಅಬ್ದುಲ್ ಮಜೀದ ಇವರ ಓಣಿಯ ಕೊನೆಯ ಮನೆಯವನು. ಮೂವತ್ತೈದು ವರ್ಷದಿಂದ ಆಟೋದ ಮೇಲೆ ಧ್ವನಿವರ್ಧಕದ ಭೋಂಗಾ ಕಟ್ಟಿಕೊಂಡು ಈ ಸೀಮೆಯ ಊರುಗಳಲ್ಲಿ ಪ್ರಚಾರ ಹೇಳುತ್ತ ಬಂದವನು. ನಾಟಕ ಬರಲಿ, ಪೋಲಿಯೋ ಹನಿ ಹಾಕಲಿ, ಯಾರದೋ ಎತ್ತು ಕಳೆಯಲಿ, ಊರಿಗೆ ಮೊದಲು ಗೊತ್ತಾಗುತ್ತಿದ್ದುದು ಅವನ ದನಿಯಿಂದ. ಆದರೆ ಅವನು ಓದಿದ್ದು ಉರ್ದು ಶಾಲೆಯ ನಾಲ್ಕು ಇಯತ್ತೆ. ಕನ್ನಡ ಮಾತು ಬಾಯಲ್ಲಿ ನೀರಿನಂತೆ ಹರಿಯುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಬಸವೇಶ್ವರಿ ಆರನೆಯ ಇಯತ್ತೆಯಲ್ಲಿದ್ದಾಗಿನಿಂದ ಅವನು ಕರಪತ್ರ ಹಿಡಿದುಕೊಂಡು ಇವರ ಕಟ್ಟೆಗೆ ಬರುತ್ತಿದ್ದ. ಇವಳು ಓದಿ ಹೇಳುತ್ತಿದ್ದಳು, ಅವನು ಕಣ್ಣು ಮುಚ್ಚಿ ಕೇಳಿ, ಎರಡನೆಯ ಸಲಕ್ಕೆ ಅದನ್ನು ಹಾಗೆಯೇ, ಅಲ್ಲ, ಅದಕ್ಕಿಂತ ಚೆಂದವಾಗಿ ಹೇಳುತ್ತಿದ್ದ. ಎಲ್ಲಿ ತಗ್ಗಬೇಕು, ಎಲ್ಲಿ ಏರಬೇಕು ಎಂಬುದು ಇವಳಿಗೆ ಆ ಕಟ್ಟೆಯ ಮೇಲೆಯೇ ಮೈಗೆ ಹತ್ತಿತು. ಫೋನು ಬಂದ ಮೇಲೆ ಕರಪತ್ರದ ಬದಲು ಫೋನು ಕೈಗೆ ಕೊಡುತ್ತಿದ್ದ, ಅಷ್ಟೇ. ಹದಿನೈದು ದಿನದ ಹಿಂದೆಯೂ ಕೊಟ್ಟ. ಅವನು ಆಟೋ ತೊಳೆಯುತ್ತಿದ್ದ, ಕೈ ಒದ್ದೆ ಇತ್ತು. “ನೋಡು ಬೇಟಿ, ಏನ್ ಬಂದದ ಅಂತ.” ಬಂದಿದ್ದು ಸೇಡಂನ ಮಹೇಶಕುಮಾರನಿಂದ. ಅವನ ತಂದೆ ಸಂಗಮೇಶ್ವರ ಸಾಹುಕಾರರ ಕಾಲದಿಂದ ಅವರ ಹಳೆಯ ಅಂಗಡಿಯ ಪ್ರಚಾರ ಚಾಚಾನದೇ. ‘ಚಾಚಾ, ಹೊಸ ಅಂಗಡಿ ತೆರೆಯುತ್ತಿದ್ದೇವೆ. ಈ ಸಲ ನಿಮ್ಮ ಧ್ವನಿಯನ್ನು ರೆಕಾರ್ಡ್ ಮಾಡಿ ಫೋನಿನಲ್ಲೂ ಬಿಡೋಣ. ಇಡೀ ವರ್ಷ ನಮ್ಮ ಅಂಗಡಿಯ ಧ್ವನಿ ನೀವೇ ಆಗಬೇಕು.’ ಬಸವೇಶ್ವರಿ ಅದನ್ನು ಮನಸ್ಸಿನಲ್ಲಿಯೇ ಎರಡು ಸಲ ಓದಿದಳು. ಬಿಸಿಲಿಗೆ ಆಟೋದ ಮೈಯಿಂದ ನೀರು ಹನಿಯುತ್ತಿತ್ತು. ಆಮೇಲೆ ತಾನು ಹೇಳಿದ ಮಾತು ಅವಳಿಗೆ ಇಂದಿಗೂ ಬೇರೆ ಯಾರೋ ಹೇಳಿದಂತೆ ಕೇಳಿಸುತ್ತದೆ: “ಏನಿಲ್ಲ ಚಾಚಾ, ಹಬ್ಬದ ಶುಭಾಶಯ ಕಳ್ಸ್ಯಾರ. ಉತ್ತರ ಹಾಕಲೇನು?” “ಹಾಕು ಹಾಕು, ದುವಾ ಹೇಳು,” ಎಂದ ಚಾಚಾ. ಅವಳು ಹಾಕಿದ್ದು: ‘ನನ್ನ ಗಂಟಲು ಕೆಟ್ಟದ. ನಮ್ಮ ಓಣಿ ಬಸವೇಶ್ವರಿ ಛಂದ ಮಾಡ್ತಾಳ. ಆಕಿ ನಂಬರ್ ಇದು.’ ಕಳಿಸಿ, ಎರಡನ್ನೂ ಅಳಿಸಿ, ಫೋನು ವಾಪಸು ಕೊಟ್ಟು, “ಹೇಳೀನಿ,” ಎಂದಳು.

ಯಾಕೆ ಮಾಡಿದೆ ಎಂದು ಅವಳು ತನ್ನನ್ನು ಕೇಳಿಕೊಳ್ಳದ ದಿನವಿಲ್ಲ. ವಯಸ್ಸಾಯಿತು, ಅವನಿಗೆ ಫೋನಿನ ಕೆಲಸ ಆಗುವುದಿಲ್ಲ, ಹೇಗೂ ನನ್ನನ್ನೇ ಕರೆಯುತ್ತಿದ್ದರು—ಉತ್ತರಗಳು ಸಾಲು ಹಚ್ಚಿ ಬರುತ್ತಿದ್ದವು, ಪ್ರತಿಯೊಂದೂ ಜಾಹೀರಾತಿನ ಹಾಗೆ ನುಣುಪಾಗಿ. ಸತ್ಯ ಒಂದೇ ಇತ್ತು, ಅದು ನುಣುಪಾಗಿರಲಿಲ್ಲ: ತನಗೆ ಬೇಕಾಗಿತ್ತು. ಅಷ್ಟು ಬೇಕಾಗಿತ್ತು. ಈಗಲೂ, ಮಳಖೇಡ ರೋಡ್ ದಾಟಿ ಗಾಡಿ ಕೂಗು ಹಾಕುತ್ತಿದ್ದಾಗ, ಪಶ್ಚಾತ್ತಾಪದ ಬದಿಯಲ್ಲಿಯೇ ಆ ಹುರುಪು ಮಗುವಿನಂತೆ ಕುಣಿಯುತ್ತಿತ್ತು, ಎಷ್ಟು ಗದರಿದರೂ ಸುಮ್ಮನಾಗುತ್ತಿರಲಿಲ್ಲ.

ಸೇಡಂ ಸ್ಟೇಷನ್ನಿನ ಹೊರಗೆ ಬಂದು ನಿಂತಾಗ ಅವಳಿಗೆ ಮತ್ತೆ ತನ್ನ ದನಿ ಕೇಳಿಸಿತು. ಈ ಸಲ ಫೋನಿನಿಂದಲ್ಲ. ಇಡೀ ಬೀದಿ ತುಂಬುವಷ್ಟು ದೊಡ್ಡದಾಗಿ, ತಿರುವಿನ ಆಚೆಯಿಂದ, ಭೋಂಗಾದ ಮೂಗಿನ ರಾಗದಲ್ಲಿ. “ಬನ್ನಿ, ನೋಡಿ, ಆರಿಸಿಕೊಳ್ಳಿ!” ಚಹಾದ ಅಂಗಡಿಯವರು ತಲೆ ಎತ್ತಿ ನೋಡಿದರು. ಅವಳ ಬಾಯಿ ತಾನಾಗಿ ನಕ್ಕಿತು, ಎದೆ ಅಗಲವಾಯಿತು, ಆಮೇಲೆ ತಿರುವಿನಲ್ಲಿ ಆಟೋ ಕಾಣಿಸಿತು. ಹಸಿರು ಪಟ್ಟಿಯ ಆ ಆಟೋವನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಮಜೀದ ಚಾಚಾ ಬಿಳಿಯ ಟೋಪಿ ಹಾಕಿಕೊಂಡು, ತುಟಿ ಬಿಗಿದುಕೊಂಡು, ಬರಿಯ ಚಾಲಕನಾಗಿ ಕೂತಿದ್ದ. ಅವನ ತಲೆಯ ಮೇಲೆ ಇವಳು ಮಾತಾಡುತ್ತಿದ್ದಳು.

ಓಡಿಹೋಗಲು ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅಷ್ಟರಲ್ಲಿ ಆಟೋ ಅವಳ ಮುಂದೆಯೇ ಬಂದು ನಿಂತಿತು. “ಬಾ ಬೇಟಿ, ಕುಂದ್ರು! ನಿನ್ನ ಆವಾಜ್ ನಾ ಗುರ್ತಿಸಂಗಿಲ್ಲೇನು? ಪೆನ್ ಡ್ರೈವ್ ಹಚ್ಚಿದ ಕೂಡ್ಲೇ ಗೊತ್ತಾಯ್ತು. ಮಹೇಶನ ಹುಡುಗ್ರಿಗಿ ಅಂದೆ, ಈಕಿ ನಮ್ಮ ಓಣಿ ಕೂಸು, ನನ್ನ ಕೈಯಾಗ ಬೆಳ್ದಾಕಿ ಅಂತ,” ಎಂದ ಚಾಚಾ, ಮುಖ ತುಂಬ ನಗುತ್ತ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ಅವಳು ಹಿಂದಿನ ಸೀಟಿನಲ್ಲಿ, ಬ್ಯಾಟರಿ ಮತ್ತು ಆಂಪ್ಲಿಫೈಯರಿನ ಪಕ್ಕದಲ್ಲಿ ಮುದುಡಿ ಕೂತಳು. ಆಟೋ ಮೆಲ್ಲಗೆ ಹೊರಟಿತು, ಪ್ರಚಾರದ ಆಟೋಗಳು ಹೋಗುವ ಹಾಗೆ, ನಡೆಯುವವರ ಜೊತೆಜೊತೆಗೆ.

“ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ,” ಎಂದ ಚಾಚಾ, ಕನ್ನಡಿಯಲ್ಲಿ ಅವಳನ್ನು ನೋಡುತ್ತ. “ನೀ ಉಸಿರು ಎಲ್ಲಿ ತಗೋತೀದಿ? ಬೆಳಿಗ್ಗಿಂದ ಕೇಳ್ಲಿಕತ್ತೀನಿ, ಎಲ್ಲೂ ಸಿಗವಲ್ದು. ಅಲ್ಲ ನೋಡು, ಆಟೋ ಹೊಂಟದ. ಈ ಮನಿಗಿ ಅರ್ಧ ಮಾತು ಕೇಳ್ತದ, ಮುಂದಿನ ಮನಿಗಿ ಇನ್ನರ್ಧ ಕೇಳ್ತದ. ಪೂರಾ ಮಾತು ಯಾರಿಗೂ ಸಿಗಂಗಿಲ್ಲ. ಅದಕ್ಕ ಅರ್ಧ ಮಾತೇ ಪೂರಾ ಆಗಬೇಕು. ನಡುವ ಉಸಿರು ಬಿಟ್ರ, ಆ ಜಾಗದಾಗ ಮಂದಿ ಬಂದು ಕೂಡ್ತಾರ.”

ಬಸವೇಶ್ವರಿ ಎಲ್ಲವನ್ನೂ ಒಂದು ಕ್ಷಣ ಮರೆತಳು. ಅರ್ಧ ಮಾತೇ ಪೂರಾ ಆಗಬೇಕು. ಫೋನಿನಲ್ಲಿಯೂ ಅದೇ ಅಲ್ಲವೆ? ಅಲ್ಲಿ ಆಟೋ ನಿಂತಿರುತ್ತದೆ, ಬೀದಿ ಓಡುತ್ತದೆ. ಒಂದು ಹೆಬ್ಬೆರಳು ಮೇಲಕ್ಕೆ ಸರಿದರೆ ಮನೆ ದಾಟಿತು. ಮೊದಲ ಎರಡು ಕ್ಷಣದಲ್ಲಿ ಹಿಡಿಯಬೇಕು ಎಂದು ಸುಶ್ಮಿತಾ ಒಂದೂವರೆ ವರ್ಷದಿಂದ ಬಡಿದುಕೊಳ್ಳುತ್ತಿದ್ದುದನ್ನು ಈ ಮನುಷ್ಯ ಮೂವತ್ತೈದು ವರ್ಷದಿಂದ ಓಣಿಗಳಲ್ಲಿ ಮಾಡುತ್ತ ಬಂದಿದ್ದಾನೆ. ಅವಳು ಮುಂದಕ್ಕೆ ಬಾಗಿ, “ಚಾಚಾ, ಅಂದ್ರ ಹೆಸರು ಮೊದ್ಲು ಹೇಳ್ಬೇಕೇನು, ಕಡೀಕೇನು?” ಎಂದು ಕೇಳಿದಳು. “ಎರಡೂ ಕಡಿ. ನಡುವ ಕರೀಬೇಕು. ಮಂದೀನ ಹೆಸರು ಹಿಡಿದು ಕರೀಬೇಕು. ‘ಬನ್ನಿ’ ಅಂದ್ರ ಯಾರು ಬರ್ತಾರ? ‘ಮುಧೋಳದೋರು ಬರ್ರಿ’ ಅನ್ನು, ಇಲ್ಲೇ ಬಾಜೂಕಿನ ಮುಧೋಳದಾಂವ ಹೊಳ್ಳಿ ನೋಡ್ತಾನ.” ಚಾಚಾ ನಕ್ಕ. ಆಮೇಲೆ ನಗು ನಿಂತು, ಅವನು ಗಂಟಲನ್ನು ಕೈಯಿಂದ ಮುಟ್ಟಿಕೊಂಡ.

“ನಾ ಇನ್ನ ಹೇಳಂಗಿಲ್ಲ ಬಿಡು. ಮೊನ್ನೆ ಮಹೇಶ ಫೋನ್ ಮಾಡಿದ್ದ. ‘ಗಂಟಲ ಹ್ಯಾಂಗದ ಚಾಚಾ? ತ್ರಾಸ ತಗೋಬ್ಯಾಡ್ರಿ, ಬರೇ ಆಟೋ ಹೊಡೀರಿ, ಪೆನ್ ಡ್ರೈವ್ ಕೊಡ್ತೀನಿ’ ಅಂದ. ದೊಡ್ಡೋರ ಮಗ, ನಾಜೂಕಿಲೆ ಹೇಳ್ದ. ನನ್ನ ಆವಾಜ್ ಹೋಗ್ಯದ ಅಂತ ಊರಿಗೆಲ್ಲ ಗೊತ್ತಾಗಿ, ನನಗೊಬ್ಬಂಗೇ ಗೊತ್ತಾಗಿಲ್ಲ ನೋಡು. ಎರಡು ದಿನ ಉಪ್ಪು ನೀರು ಹಾಕಿ ಗುಳುಗುಳು ಮಾಡೀನಿ. ಬಾವಿ ಹಂತ್ಯಾಕ ಹೋಗಿ, ಬಗ್ಗಿ ಕೂಗಿ ನೋಡೀನಿ. ನನಗ ಹಂಗೇ ಕೇಳ್ತದ. ಆದ್ರ ನಂದು ನನಗ ಹ್ಯಾಂಗ ಗೊತ್ತಾಗ್ಬೇಕು?”

ಬಾವಿಯ ಮೇಲೆ ಬಗ್ಗಿ ತನ್ನ ಹೆಸರನ್ನೋ, ಯಾವುದೋ ಅಂಗಡಿಯ ಹೆಸರನ್ನೋ ಕೂಗುತ್ತಿರುವ ಮುದುಕ ಅವಳ ಕಣ್ಣ ಮುಂದೆ ಬಂದ. ಕೆಲಸ ಕಸಿದೆ ಎಂದಷ್ಟೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಕಸಿದಿದ್ದು ಅದಲ್ಲ. ಅವಳ ಕೈ ಮುಂದಿನ ಸೀಟಿನ ಕಬ್ಬಿಣವನ್ನು ಹಿಡಿಯಿತು.

“ಚಾಚಾ, ಗಾಡಿ ನಿಂದ್ರಸ್ರಿ.”

“ಯಾಕ? ವಾಂತಿ ಬರ್ಲಿಕತ್ತದೇನು?”

“ನಿಮ್ಮ ಗಂಟಲಿಗಿ ಏನೂ ಆಗಿಲ್ರಿ. ಆ ಹಬ್ಬದ ಮೆಸೇಜ್… ಅದು ಹಬ್ಬದ್ದು ಅಲ್ರಿ. ಮಹೇಶಣ್ಣ ನಿಮ್ಮ ಆವಾಜೇ ಬೇಕು ಅಂತ ಬರ್ದಿದ್ರು. ವರ್ಷಪೂರ್ತಿ ನೀವೇ ಅಂತ ಬರ್ದಿದ್ರು. ನಾ ಸುಳ್ಳು ಓದಿದೆ. ಗಂಟಲ ಕೆಟ್ಟದ ಅಂತ ನಾನೇ ಬರ್ದೆ, ನಿಮ್ಮ ಹೆಸರ್ಲೆ. ನನ್ನ ನಂಬರ್ ಕೊಟ್ಟೆ.”

ಆಟೋ ನಿಂತಿತು. ಭೋಂಗಾ ನಿಲ್ಲಲಿಲ್ಲ. ಅವರಿಬ್ಬರ ತಲೆಯ ಮೇಲೆ ಅವಳು ಉಲ್ಲಾಸದಿಂದ, ಒಂದೂ ಉಸಿರಿಲ್ಲದೆ, ಮದುವೆಯ ಸೀರೆ, ಮಕ್ಕಳ ಉಡುಪು, ಒಂದೇ ಸೂರಿನಡಿ ಎಲ್ಲವೂ ಎಂದು ಹೇಳುತ್ತಲೇ ಇದ್ದಳು. ಚಾಚಾ ಕೈ ಹಿಂದಕ್ಕೆ ಚಾಚಿ ಅದನ್ನು ಬಂದ್ ಮಾಡಿದ. ಬೀದಿ ಒಮ್ಮೆಲೇ ತನ್ನ ಸಣ್ಣ ಸದ್ದುಗಳಿಗೆ ಮರಳಿತು. ಎಲ್ಲಿಯೋ ಸೈಕಲ್ಲಿನ ಗಂಟೆ, ಯಾರೋ ಕೊಡ ಇಟ್ಟ ಸದ್ದು. ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಅವನು ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ಸಣ್ಣ ದನಿಯಲ್ಲಿ ಕೇಳಿದ:

“ಮೆಹತಾಬದು ದವಾಖಾನಿ ಕಾಗದ ನೀನೇ ಓದಿದ್ದಿ. ಅದು ಖರೇ ಓದಿದ್ದೇನು?”

ಮೆಹತಾಬ್ ಅವನ ಹೆಂಡತಿ. ಮೂರು ವರ್ಷದ ಹಿಂದೆ ತೀರಿಕೊಂಡಿದ್ದಳು. ಆ ಕಾಗದವನ್ನು ಬಸವೇಶ್ವರಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಓದಿದ್ದಳು. ಇನ್ನು ಮನೆಗೆ ಕರೆದುಕೊಂಡು ಹೋಗುವುದೇ ಒಳ್ಳೆಯದು ಎಂಬ ಸಾಲು ಬಂದಾಗ ಅವಳ ದನಿ ನಡುಗಿತ್ತು, ಆದರೂ ಒಂದು ಅಕ್ಷರ ಬಿಡದೆ ಓದಿದ್ದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟು, ನೀ ಇದ್ದಿ ಅಂತ ಗೊತ್ತಾಯ್ತು ಬೇಟಿ ಎಂದಿದ್ದ. ತನ್ನ ಬದುಕಿನಲ್ಲಿ ತಾನು ಮಾಡಿದ ಒಂದು ದೊಡ್ಡ ಕೆಲಸ ಎಂದು ಅವಳು ಅದನ್ನು ಒಳಗೆ ಇಟ್ಟುಕೊಂಡಿದ್ದಳು. “ಖರೇ ಓದಿದ್ದೆ ಚಾಚಾ. ಬಸವಣ್ಣನ ಆಣಿ,” ಎಂದಳು. ಹೇಳಿದ ಕೂಡಲೇ ಅವಳಿಗೆ ಹೊಳೆಯಿತು, ಹಬ್ಬದ ಶುಭಾಶಯ ಎಂದಿದ್ದೂ ಇದೇ ದನಿಯಲ್ಲಿ. ಸುಳ್ಳಿಗೆ ಒಂದು ದನಿ, ನಿಜಕ್ಕೆ ಒಂದು ದನಿ ಎಂದು ತನ್ನಲ್ಲಿ ಎರಡಿಲ್ಲ. ಚಾಚಾ ಕನ್ನಡಿಯಲ್ಲಿ ಅವಳನ್ನು ನೋಡಲಿಲ್ಲ. ಗಾಡಿ ಚಾಲೂ ಮಾಡಿ, “ನಡಿ. ಮಹೇಶಗ ಹೇಳು. ನನ್ನ ಗಂಟಲ ನೆಟ್ಟಗದ ಅಂತ ನಿನ್ನ ಬಾಯಿಲೆ ಹೇಳು. ನನಗ ಅಷ್ಟೇ ಬೇಕು,” ಎಂದ.

ಹೊಸ ಅಂಗಡಿಯ ಮುಂದೆ ಚೆಂಡುಹೂವಿನ ಮಾಲೆ, ಜನ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎರಡು ಫೋನು. ಮಹೇಶಕುಮಾರ, ಮೂವತ್ತರ ಆಸುಪಾಸಿನ ಗಡಿಬಿಡಿಯ ಮನುಷ್ಯ, ರೇಶ್ಮೆ ಅಂಗಿಯಲ್ಲಿ ಬೆವರುತ್ತ ಅವಳ ಕಡೆಗೆ ಓಡಿಬಂದ. “ಬರ್ರಿ ಮೇಡಂ, ಎಷ್ಟು ಹಾದಿ ನೋಡ್ಬೇಕು? ಚಿಂಚೋಳಿ, ಕುಂಚಾವರಂ ಕಡಿಂದನೂ ಮಂದಿ ಲೈವ್ ಕಾಯ್ಲಿಕತ್ತಾರ.” ಕೆಲಸದ ಹುಡುಗಿಯರು, ಕ್ಯಾಮೆರಾದವನು, ಬಂಧುಗಳು ಎಲ್ಲರೂ ಕೇಳುವಂತೆ ಬಸವೇಶ್ವರಿ ಹೇಳಿದಳು: “ಅಣ್ಣಾರ, ಚಾಚಾನ ಗಂಟಲಿಗಿ ಏನೂ ಆಗಿಲ್ರಿ. ಆ ಮೆಸೇಜ್ ನಾ ಬರ್ದಿದ್ದೆ. ಅವರಿಗಿ ಗೊತ್ತಿಲ್ದಂಗ ಬರ್ದಿದ್ದೆ. ಕೆಲಸ ನನಗ ಬೇಕಾಗಿತ್ತು.” ಮಹೇಶಕುಮಾರ ಅವಳನ್ನು ನೋಡಿದ, ಆಟೋದ ಪಕ್ಕ ನಿಂತ ಚಾಚಾನನ್ನು ನೋಡಿದ, ಗಡಿಯಾರ ನೋಡಿದ. “ಹಂಗೇನು? ಆಯ್ತು ಬಿಡ್ರಿ, ಏನು ದೊಡ್ಡ ಮಾತು ಅದು. ಚಾಚಾ, ಗಂಟಲ ಛಲೋ ಅದಲ್ಲ, ಭಾಳ ಛಲೋ ಆಯ್ತು. ಮೇಡಂ, ಮೈಕ್ ಹಿಡೀರಿ, ಮುಹೂರ್ತ ಆಗ್ಯದ.” ಅಷ್ಟೇ. ಹದಿನೈದು ದಿನ ಅವಳನ್ನು ಸುಟ್ಟ ಕೆಂಡ ಅವನ ಅಂಗೈಗೆ ಬಿದ್ದು ಬಿಸಿಯೂ ತಾಗದೆ ಉರುಳಿಹೋಯಿತು. ಬೈಸಿಕೊಳ್ಳುವ ಯೋಗ್ಯತೆಯೂ ತನಗಿಲ್ಲವೇ ಎಂಬ ವಿಚಿತ್ರ ಅವಮಾನದಲ್ಲಿ ಅವಳು ಮೆಟ್ಟಿಲು ಹತ್ತಿದಳು.

ಕ್ಯಾಮೆರಾದವನು ಬೆರಳು ಎತ್ತಿದ. ಫೋನಿನ ಮೂಲೆಯಲ್ಲಿ ನೋಡುವವರ ಲೆಕ್ಕ ಏರುತ್ತಿತ್ತು. ಬಸವೇಶ್ವರಿ ಬಾಯಿ ತೆರೆದಳು, ಮಾತು ಬರಲಿಲ್ಲ. ಕೌದಿ ಇಲ್ಲ, ಅಳಿಸುವ ಗುಂಡಿ ಇಲ್ಲ. ಮೈಕಿನಲ್ಲಿ ಹೋದದ್ದು ಬರಿಯ ಉಸಿರು. ಇಷ್ಟು ದಿನ ಅಳಿಸಿದ ಉಸಿರೆಲ್ಲ ಒಟ್ಟಿಗೆ ಬಂದು ಅಂಗಡಿಯ ಮುಂದಿನ ಭೋಂಗಾಗಳಲ್ಲಿ ಬುಸುಗುಟ್ಟಿತು. ಯಾರೋ ಕಿಸಕ್ಕೆಂದರು. ಮಹೇಶಕುಮಾರ ಕೈ ಬೀಸಿ ಸನ್ನೆ ಮಾಡುತ್ತಿದ್ದ. ಅವಳು ಆಟೋದ ಕಡೆ ನೋಡಿದಳು. ಚಾಚಾ ಮುಖ ತಿರುಗಿಸಿ ನಿಂತಿದ್ದ, ಆದರೆ ಅವನ ಭುಜಗಳು ಚಡಪಡಿಸುತ್ತಿದ್ದವು. ಜನ ಸೇರಿದ್ದಾರೆ, ಮೈಕು ಚಾಲೂ ಇದೆ, ಯಾರೂ ಮಾತಾಡುತ್ತಿಲ್ಲ. ಮೂವತ್ತೈದು ವರ್ಷದಲ್ಲಿ ಅವನು ಇಂಥದನ್ನು ಕಂಡಿರಲಿಕ್ಕಿಲ್ಲ. ತಡೆಯಲಾಗದೆ ಅವನು ಆಟೋದೊಳಗೆ ಕೈ ಹಾಕಿ ತನ್ನ ಹಳೆಯ ಮೈಕನ್ನು ಎಳೆದುಕೊಂಡ.

“ಮುಧೋಳದೋರು ಬಂದೀರೇನು?” ಎಂದಿತು ಬೀದಿಯ ಆ ಬದಿಯಿಂದ ಒಂದು ದನಿ. ಒಂದು ಉಸಿರಿನಷ್ಟು ಸುಮ್ಮನಿತ್ತು. ಆ ಜಾಗದಲ್ಲಿ ಗುಂಪಿನೊಳಗಿಂದ ಯಾರೋ “ಬಂದೀವಿ ಚಾಚಾ!” ಎಂದು ಕೂಗಿದರು. “ಚಂದ್ರಂಪಳ್ಳಿಯೋರು? ಕುಂಚಾವರಂ ಅಡವಿಯಿಂದ ಬಸ್ ಹತ್ತಿ ಬಂದೋರು?” ಅವರಿಗಾಗಿ ಎರಡು ಮಾತು ತೆಲುಗಿನಲ್ಲಿಯೂ ಹೇಳಿದ, ಹಿಂದಿನಿಂದ ನಗೆ ಎದ್ದಿತು. “ಸಾಹುಕಾರರ ಅಂಗಡಿ ಇವತ್ತ ಬಾಗಿಲ ತೆಗೀಲಿಕತ್ತದ. ಒಳಗ ಏನದ? ನಾ ಹೇಳಂಗಿಲ್ಲ. ಮೆಟ್ಟಲ ಮ್ಯಾಲೆ ನಿಂತಾಳಲ್ಲ, ಆಕಿ ಹೇಳ್ತಾಳ.” ಅವನು ಅವಳನ್ನು ನೋಡಲಿಲ್ಲ. ಆದರೆ ಮಾತನ್ನು ಅವಳ ಕಡೆಗೆ ಎಸೆದು, ಅವಳು ಹಿಡಿಯುವಷ್ಟು ಜಾಗ ಬಿಟ್ಟ.

ಅವಳು ಹಿಡಿದಳು. ಮೊದಲ ಮಾತು ಒಡೆದು ಬಂತು, ಎರಡನೆಯದು ಸರಿಹೋಯಿತು, ಮೂರನೆಯದಕ್ಕೆ ಅವಳು ಬರೆದುಕೊಂಡಿದ್ದ ಚೀಟಿಯನ್ನು ಮುದುಡಿ ಕೆಳಗೆ ಬಿಟ್ಟಳು. ಪುಸ್ತಕದ ‘ಬನ್ನಿ’ ಹೋಗಿ ಬಾಯಿಗೆ ‘ಬರ್ರಿ’ ಬಂತು. ಅವನು ಊರಿನ ಹೆಸರು ಕೂಗುತ್ತಿದ್ದ, ಅವಳು ಆ ಊರಿನವರಿಗೆ ಏನು ಇದೆ ಎಂದು ಹೇಳುತ್ತಿದ್ದಳು. ಅವನು ಕೆಣಕುತ್ತಿದ್ದ, ಅವಳು ಉತ್ತರ ಕೊಡುತ್ತಿದ್ದಳು. ನಡುವೆ ಇಬ್ಬರೂ ಉಸಿರು ತೆಗೆದುಕೊಂಡಾಗ ಮಂದಿ ಆ ಜಾಗ ತುಂಬುತ್ತಿದ್ದರು. ಶಹಾಬಾದದ ಕಲ್ಲಿನ ಗಣಿಯಲ್ಲಿ ಒಬ್ಬ ಉಳಿ ಹಿಡಿದು ಒಬ್ಬ ಸುತ್ತಿಗೆ ಹೊಡೆಯುವಾಗ ಹುಟ್ಟುವ ಲಯದಂತೆ ಅದು ನಡೆಯಿತು. ಅವಳ ಅಂಗಾಲಿನಿಂದ ಏನೋ ಏರಿ ಬಂದು ದನಿಯಲ್ಲಿ ಸೇರಿತು. ಕ್ಯಾಮೆರಾದವನು ಫೋನಿನ ಪರದೆಯನ್ನು ಮಹೇಶಕುಮಾರನಿಗೆ ತೋರಿಸುತ್ತಿದ್ದ, ಮಹೇಶಕುಮಾರ ಅದನ್ನು ಗಟ್ಟಿಯಾಗಿ ಓದಿ ಕೂಗುತ್ತಿದ್ದ: “ಪುಣೆದಾಗಿಂದ ಬರ್ದಾರ ಚಾಚಾ, ‘ಇದು ಮಜೀದ ಚಾಚಾನ ಆವಾಜ್, ನಮ್ಮ ಓಣಿ ನೆನಪಾಯ್ತು’ ಅಂತ! ಹೈದ್ರಾಬಾದದಾಗಿಂದ ಒಬ್ಬಾಂವ, ‘ಚಾಚಾ ಇನ್ನಾ ಅದಾನೇನು?’ ಅಂತ ಕೇಳ್ಯಾನ!” “ಅದೀನಿ ಅಂತ ಬರೀರಿ!” ಎಂದು ಚಾಚಾ ಮೈಕಿನಲ್ಲಿಯೇ ಹೇಳಿದ, ಬೀದಿ ಇಡೀ ನಕ್ಕಿತು. ಕಿಸೆಯಲ್ಲಿ ಬಸವೇಶ್ವರಿಯ ಫೋನು ನಡುಗಿತು. ವಾಡಿಯಿಂದ ಸುಶ್ಮಿತಾ ಬರೆದಿದ್ದಳು: ‘ಇದನ್ನ ನಾ ಎಲ್ಲೂ ಕತ್ತರಿಸಂಗಿಲ್ಲ.’

ಎಲ್ಲ ಮುಗಿದು ಜನ ಒಳಗೆ ನುಗ್ಗಿದ ಮೇಲೆ ಮಹೇಶಕುಮಾರ ಇಬ್ಬರಿಗೂ ಪೇಢೆ ಕೊಟ್ಟು, “ಬರೋ ತಿಂಗಳ ಚಿಂಚೋಳ್ಯಾಗ ಇನ್ನೊಂದು ಅಂಗಡಿ. ಇಬ್ಬರೂ ಕೂಡೇ ಬರಬೇಕು. ವರ್ಷಪೂರ್ತಿ ಇಬ್ಬರೂ,” ಎಂದ. ಚಾಚಾ ಪೇಢೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ. “ಬರ್ತೀನಿ. ಆದ್ರ ಮೆಸೇಜ್ ಕಳ್ಸಬ್ಯಾಡ್ರಿ ಸಾಹುಕಾರ. ಫೋನ್ ಮಾಡಿ ಬಾಯಿಲೆ ಹೇಳ್ರಿ,” ಎಂದ. ಅವಳ ಮುಂದೆಯೇ ಹೇಳಿದ.

ವಾಪಸು ಹೋಗುವಾಗ ಅವಳು ಸ್ಟೇಷನ್ನಿನ ಕಡೆ ತಿರುಗಿದ್ದಳು. “ಎಲ್ಲಿ ಹೊಂಟೀದಿ? ಒಂದೇ ಓಣಿಗಿ ಎರಡು ಗಾಡಿ ಬೇಕೇನು? ಕುಂದ್ರು,” ಎಂದ ಚಾಚಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೆಳಗಿನ ಆ ಪ್ರೀತಿಯೂ ಇರಲಿಲ್ಲ. ಆಟೋ ಊರು ದಾಟಿತು. ಅವಳ ಮೈಯಲ್ಲಿ ಇನ್ನೂ ಆ ಲಯ ಬಡಿಯುತ್ತಿತ್ತು. ಇಷ್ಟು ಸಂತೋಷ ಪಡಲು ತನಗೆ ಹಕ್ಕಿದೆಯೇ ಎಂದು ಕೇಳಿಕೊಂಡಳು; ಸಂತೋಷ ಉತ್ತರಕ್ಕೆ ಕಾಯಲಿಲ್ಲ. ದಾರಿ ಕವಲೊಡೆಯುವಲ್ಲಿ ಪಂಕ್ಚರ್ ತಿದ್ದುವ ಒಂದು ಗೂಡಂಗಡಿ, ಅದರ ಎದುರು ಊರುಗಳ ಹೆಸರು ಬರೆದ ದೊಡ್ಡ ಹಸಿರು ಫಲಕ. ಚಾಚಾ ಅದರ ಕೆಳಗೆ ಆಟೋ ನಿಲ್ಲಿಸಿ ಇಳಿದ. ಸೊಂಟದ ಮೇಲೆ ಕೈ ಇಟ್ಟುಕೊಂಡು ಫಲಕವನ್ನು ದಿಟ್ಟಿಸಿ ನೋಡಿದ.

“ಇದರಾಗ ಚಿತ್ತಾಪುರ ಯಾವುದು?”

ಅವಳು ಇಳಿದು ಬಂದು ತೋರಿಸಿದಳು. “ಚಿಂಚೋಳಿ?” ಅದನ್ನೂ ತೋರಿಸಿದಳು, ಕೆಳಗಿನ ಸಾಲಿನಲ್ಲಿ, ಬೇರೆ ಬಾಣದ ಮುಂದೆ. ಚಾಚಾ ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೆ ಒಂದಕ್ಕೆ ಕಣ್ಣು ಹಾಯಿಸಿದ. ತುಟಿಗಳು ಸದ್ದಿಲ್ಲದೆ ಅಲುಗಿದವು. ಮೂವತ್ತೈದು ವರ್ಷ ಈ ಎರಡು ಹೆಸರುಗಳನ್ನು ಅವನು ಎಷ್ಟು ಸಾವಿರ ಸಲ ಕೂಗಿರಬೇಡ. ಅವನ ಹುಬ್ಬು ಮೆಲ್ಲಗೆ ಮೇಲೇರಿತು.

“ಎರಡೂ ಒಂದೇ ನಮೂನಿ ಶುರು ಆಗ್ತಾವ,” ಎಂದ. “ಇದು… ಇದು ‘ಚಿ’. ಹೌದೇನು? ನಮ್ಮ ಉರ್ದೂದಾಗ ‘ಚೇ’ ಇದ್ದಂಗ.”

“ಹೌದ್ರಿ ಚಾಚಾ! ‘ಚಿ’ ಅದು!” ಅವಳ ದನಿ ಚೀರಿದಂತೆ ಬಂತು.

ಚಾಚಾ ಅವಳನ್ನು ನೋಡಿದ. ಆ ನಂತರ ಗೂಡಂಗಡಿಯ ಕಡೆ ತಿರುಗಿ, ಟೈರಿನ ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತಿದ್ದ ಮನುಷ್ಯನಿಗೆ ಕೂಗಿದ: “ಏ ಭೀಮಶ್ಯಾ, ಇಲ್ಲಿ ಬಾ ಒಂದೀಟು. ಆ ಅಕ್ಷರ ನೋಡು, ಮ್ಯಾಲಿಂದು. ಏನದು ಹೇಳು.”

ಬಸವೇಶ್ವರಿಯ ಮುಖಕ್ಕೆ ಯಾರೋ ಬಿಸಿನೀರು ಎರಚಿದಂತಾಯಿತು. ಅವಳು ನೆಲ ನೋಡಲಿಲ್ಲ. ಭೀಮಶ್ಯಾ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ತಲೆ ಎತ್ತಿ ನೋಡುವಷ್ಟು ಹೊತ್ತು ಅವಳು ಚಾಚಾನ ಪಕ್ಕದಲ್ಲಿಯೇ ನಿಂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಂತೆ ಉಸಿರು ಹಿಡಿದು ಕಾದಳು.

“‘ಚಿ’ ಅದ ಚಾಚಾ,” ಎಂದ ಭೀಮಶ್ಯಾ. “ಯಾಕ?”

“ಏನಿಲ್ಲ,” ಎಂದ ಮಜೀದ ಚಾಚಾ. ಆಮೇಲೆ ಅವಳ ಕಡೆಗೆ ತಿರುಗಿ, ಬೆರಳನ್ನು ಫಲಕದ ಮುಂದಿನ ಅಕ್ಷರದ ಕಡೆಗೆ ಎತ್ತಿ, “ಇದು ಯಾವುದು, ಹೇಳು,” ಎಂದ.